ಹುಬ್ಬಳ್ಳಿಯಿಂದ ಒಂದೇ ದಿನದಲ್ಲಿ: ಗಂಗಾವಳಿ–ಅಘನಾಶಿನಿ ನಡುವಿನ ಕಡಲೂರುಗಳು

ಹುಬ್ಬಳ್ಳಿ-ಧಾರವಾಡ ಅಥವಾ ಗದಗ ಕಡೆಯವರು ಸಮುದ್ರ ನೋಡಲು ಹೊರಟರೆ ಒಂದೇ ದಿನದಲ್ಲಿ ಕಾರವಾರ, ಗೋಕರ್ಣ, ಮುರುಡೇಶ್ವರ ಮೂರನ್ನೂ ಮುಗಿಸುವ ಲೆಕ್ಕ ಹಾಕುವುದೇ ಹೆಚ್ಚು. ಹಾಗೆ ಹೋದವರ ಬಹುಪಾಲು ಹಗಲು ಗಾಡಿಯೊಳಗೇ ಕಳೆಯುತ್ತದೆ. ಪ್ರತಿ ತೀರದಲ್ಲಿ ಕಾಲು ತೋಯಿಸಿ, ಎಳನೀರು ಕುಡಿದು, ಮತ್ತೆ ಸೀಟಿನಲ್ಲಿ ಕೂರುವುದಷ್ಟೇ ಉಳಿಯುತ್ತದೆ. ಈ ಲೇಖನ ಸೂಚಿಸುವ ಕ್ರಮ ಬೇರೆ. ಅಂಕೋಲೆಯ ದಕ್ಷಿಣಕ್ಕೆ ಗಂಗಾವಳಿ ಹೊಳೆ ಸಮುದ್ರ ಸೇರುವ ಜಾಗದಿಂದ ಕುಮಟೆಯ ಉತ್ತರಕ್ಕೆ ಅಘನಾಶಿನಿ ಸಮುದ್ರ ಸೇರುವ ಜಾಗದವರೆಗಿನ ಸಣ್ಣ ಪಟ್ಟಿಯೊಂದನ್ನೇ ಆರಿಸಿಕೊಂಡು, ಅದರಲ್ಲಿ ಸ್ವಲ್ಪ ನಡೆದು, ಸ್ವಲ್ಪ ದೋಣಿಯಲ್ಲಿ ಸಾಗಿ, ಊರುಗಳನ್ನು ಊರುಗಳಾಗಿಯೇ ನೋಡಿ ಬರುವುದು.

ಒಂದು ನಿರೀಕ್ಷೆಯನ್ನು ಮೊದಲೇ ಸರಿಮಾಡಿಕೊಳ್ಳುವುದು ಒಳ್ಳೆಯದು. ಇಟಲಿಯ ಚಿಂಕ್ವೆ ತೆರ್ರೆಯ ಚಿತ್ರಗಳನ್ನು ನೋಡಿದವರು ಬಂಡೆಯಂಚಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಹಳದಿ, ಕೆಂಪು, ಗುಲಾಬಿ ಮನೆಗಳನ್ನು ಇಲ್ಲಿಯೂ ಹುಡುಕಬಹುದು. ನಮ್ಮ ಕರಾವಳಿಯ ಮನೆಗಳು ತೆಂಗಿನ ತೋಟದೊಳಗೆ ಅಡಗಿ ಕೂತಿರುತ್ತವೆ. ಮಳೆಗಾಳಿಗೆ ಎದೆಯೊಡ್ಡಿ ಬಂಡೆಯ ತುದಿಯಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ಇಲ್ಲಿ ಬಣ್ಣ ಇರುವುದು ದೋಣಿಗಳ ಮೈಮೇಲೆ, ಜಂಬಿಟ್ಟಿಗೆಯ ಕೆಂಪು ಗುಡ್ಡಗಳಲ್ಲಿ, ಉಪ್ಪಿನ ರಾಶಿಯ ಬಿಳುಪಿನಲ್ಲಿ, ಹೊಳೆಯಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಸಿರಿನಲ್ಲಿ. ಅದು ಒಂದೇ ನೋಟಕ್ಕೆ ಸಿಗುವುದಿಲ್ಲ, ಹತ್ತಿರ ಹೋಗಬೇಕಾಗುತ್ತದೆ.

ದಿನವನ್ನು ಆರಿಸುವುದು

ನವೆಂಬರಿನಿಂದ ಫೆಬ್ರುವರಿಯವರೆಗಿನ ಅವಧಿ ಈ ತಿರುಗಾಟಕ್ಕೆ ಎಲ್ಲಕ್ಕಿಂತ ಅನುಕೂಲ. ಮಾರ್ಚ್ ನಂತರ ಬೆವರು ಹೆಚ್ಚು. ಆದರೆ ಉಪ್ಪಿನ ಆಗರಗಳು ಪೂರ್ತಿ ಕೆಲಸದಲ್ಲಿರುವುದು ಬೇಸಿಗೆಯಲ್ಲೇ ಆದ್ದರಿಂದ, ಬಿಸಿಲು ತಡೆಯುವ ಗಟ್ಟಿಗರು ಮಾರ್ಚ್ ತಿಂಗಳನ್ನೂ ಯೋಚಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಲೇಖನವನ್ನು ಮಡಿಚಿಡುವುದೇ ಲೇಸು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರುಗಳು ಸುಮ್ಮನಿರುತ್ತವೆ, ಕಡಲು ಮಾತ್ರ ಸುಮ್ಮನಿರುವುದಿಲ್ಲ. ದಾರಿಯೂ ಆಗ ನಂಬಿಕೆಗೆ ಯೋಗ್ಯವಲ್ಲ. 2024ರ ಜುಲೈ 16ರಂದು ಅಂಕೋಲೆ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರಲ್ಲಿದ್ದವರು ಮಣ್ಣು, ನೀರಿನ ಪಾಲಾದದ್ದು ಇದೇ ದಾರಿಯಲ್ಲಿ. ಈ ಪ್ರವಾಸದಲ್ಲಿ ನೀವು ಆ ಜಾಗವನ್ನು ದಾಟಿಯೇ ಹೋಗುತ್ತೀರಿ.

ಶಿವರಾತ್ರಿಯ ವಾರ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ದಿನಗಳು, ಸರಕಾರಿ ರಜೆಗೆ ಅಂಟಿಕೊಂಡ ಶನಿವಾರ-ಭಾನುವಾರ ಇವನ್ನು ಬಿಡಿ. ಗೋಕರ್ಣದ ಓಣಿಗಳಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಬೆಳಗು ಕರಗಿಹೋಗುತ್ತದೆ. ವಾರದ ನಡುವೆ ಒಂದು ದಿನ ರಜೆ ಹಾಕಲು ಸಾಧ್ಯವಿದ್ದರೆ ಅದಕ್ಕೆ ಸಮನಾದದ್ದಿಲ್ಲ.

ಇನ್ನು ಬಯಲುಸೀಮೆಯವರು ಸಾಮಾನ್ಯವಾಗಿ ಲಕ್ಷ್ಯ ಕೊಡದ, ಆದರೆ ಈ ದಿನದ ಎಲ್ಲವನ್ನೂ ನಿರ್ಧರಿಸುವ ಸಂಗತಿ ಎಂದರೆ ಭರತ-ಇಳಿತದ ಹೊತ್ತು. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತಿನ ಭರತ ನಾಳೆ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದು. ಸ್ಥೂಲವಾಗಿ ಹೇಳುವುದಾದರೆ ಅಮಾವಾಸ್ಯೆ ಮತ್ತು ಹುಣ್ಣಿಮೆಯಂದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ನೀರು ಪೂರ್ತಿ ಏರಿರುತ್ತದೆ, ಅಂದರೆ ನೀವು ಬಂಡೆಗಳ ನಡುವೆ ನಡೆಯಬೇಕಾದ ಹೊತ್ತಿಗೆ ಸರಿಯಾಗಿ ಅಲೆಗಳು ಬಂಡೆಗೆ ಬಡಿಯುತ್ತಿರುತ್ತವೆ. ಪಂಚಮಿಯಿಂದ ಅಷ್ಟಮಿಯವರೆಗಿನ ದಿನಗಳಲ್ಲಿ ಇಳಿತ ಬೆಳಗಿನ ಒಂಬತ್ತರಿಂದ ಹನ್ನೊಂದರ ನಡುವೆ ಬೀಳುತ್ತದೆ. ಬಂಡೆಗಳು ಬಯಲಾಗಿ, ಕಾಲಿಡಲು ಮರಳು ಸಿಗುತ್ತದೆ. ಆದ್ದರಿಂದ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರಿನಲ್ಲಿ ಶುಕ್ಲವೋ ಕೃಷ್ಣವೋ ಯಾವುದಾದರೂ ಪಕ್ಷದ ಪಂಚಮಿ, ಷಷ್ಠಿ, ಸಪ್ತಮಿ ಯಾವ ವಾರ ಬರುತ್ತದೆಂದು ನೋಡಿ ದಿನ ಗೊತ್ತು ಮಾಡಿ. ಹೊರಡುವ ಹಿಂದಿನ ದಿನ ಕಾರವಾರ ಬಂದರಿನ ಭರತ-ಇಳಿತದ ಹೊತ್ತನ್ನು ಮೊಬೈಲಿನಲ್ಲಿ ನೋಡಿಕೊಂಡರೆ ಲೆಕ್ಕ ಇನ್ನೂ ಖಚಿತವಾಗುತ್ತದೆ. ಹೋದ ಮೇಲೆ ದಡದಲ್ಲಿರುವ ಮೀನುಗಾರರನ್ನು ಒಂದು ಮಾತು ಕೇಳುವುದನ್ನಂತೂ ಬಿಡಬಾರದು.

ಹೊರಡುವುದು ಮತ್ತು ಘಟ್ಟ ಇಳಿಯುವುದು

ಹುಬ್ಬಳ್ಳಿಯಿಂದ ಅಂಕೋಲೆಗೆ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಸುಮಾರು 140 ಕಿ.ಮೀ. ಕಲಘಟಗಿ ದಾಟಿ ಯಲ್ಲಾಪುರ ತಲುಪುವ ಹೊತ್ತಿಗೆ ಅರ್ಧ ದಾರಿ ಸವೆದಿರುತ್ತದೆ. ಧಾರವಾಡದವರು ಹುಬ್ಬಳ್ಳಿಗೆ ಬಾರದೆ ನೇರ ಕಲಘಟಗಿಗೆ ಬಂದು ಸೇರಿಕೊಳ್ಳಬಹುದು. ಗದಗಿನವರಿಗೆ ಹುಬ್ಬಳ್ಳಿಯವರೆಗೆ ಇನ್ನೊಂದು ತಾಸಿಗೂ ಹೆಚ್ಚು ಪ್ರಯಾಣ ಇರುವುದರಿಂದ ಹಿಂದಿನ ರಾತ್ರಿ ಹುಬ್ಬಳ್ಳಿಯಲ್ಲಿ ನೆಂಟರ ಮನೆ ಹಿಡಿಯುವುದು ಜಾಣತನ. ಹಾವೇರಿಯವರಿಗೆ ಶಿರಸಿ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರುವ ದಾರಿಯೇ ನೇರ. ಅವರು ಈ ಲೇಖನದ ಕ್ರಮವನ್ನು ತಿರುವುಮುರುವಾಗಿ, ಅಂದರೆ ಅಘನಾಶಿನಿಯಿಂದ ಆರಂಭಿಸಿ ಓದಿಕೊಳ್ಳಬಹುದು. ದೇವಿಮನೆ ಘಟ್ಟದಲ್ಲಿ ಕಾಮಗಾರಿಗಾಗಿ ಆಗಾಗ ಸಂಚಾರ ನಿಲ್ಲಿಸುವುದುಂಟು, ಹೊರಡುವ ಮುನ್ನ ಶಿರಸಿಯ ಪರಿಚಯದವರನ್ನು ವಿಚಾರಿಸುವುದು ಒಳಿತು.

ನಸುಕಿನ ಐದು ಗಂಟೆಗೆ ಹುಬ್ಬಳ್ಳಿ ಬಿಡಬೇಕು. ಆರಕ್ಕೆ ಬಿಟ್ಟರೂ ನಡೆಯುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ನಡೆಯುವುದಿಲ್ಲ. ಆ ಒಂದು ತಾಸನ್ನು ಗುಡ್ಡದ ಮೇಲಿನ ನಡಿಗೆಯಲ್ಲಿ ಬಿಸಿಲಿಗೆ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಯಲ್ಲಾಪುರದಲ್ಲಿ ಚಹಾ, ನಾಷ್ಟಾ ಮುಗಿಸಿ. ಅಲ್ಲಿಂದ ಮುಂದೆ ಅರಬೈಲ್ ಘಟ್ಟ. ರಸ್ತೆ ಅಗಲವಾಗಿಯೇ ಇದ್ದರೂ ತಿರುವುಗಳಲ್ಲಿ ಲಾರಿಗಳು ತಮ್ಮ ಬದಿ ಬಿಟ್ಟು ಬರುತ್ತವೆ, ಚಳಿಗಾಲದ ಬೆಳಗ್ಗೆ ಮಂಜು ಇರುತ್ತದೆ. ಗಾಡಿಯಲ್ಲಿ ವಾಂತಿಯ ತೊಂದರೆ ಇರುವ ಮಕ್ಕಳಿಗೆ ಯಲ್ಲಾಪುರದಲ್ಲಿ ಹೊಟ್ಟೆ ತುಂಬ ತಿನ್ನಿಸದೆ ಘಟ್ಟ ಇಳಿದ ಮೇಲೆ ಉಳಿದದ್ದನ್ನು ಕೊಡುವುದು ವಾಸಿ.

ಘಟ್ಟ ಇಳಿದ ಮೇಲೆ ದಾರಿಯ ಪಕ್ಕ ಸಿಗುವ ಗಂಗಾವಳಿ ಹೊಳೆ ಧಾರವಾಡದವರಿಗೆ ಹೊಸಬಳಲ್ಲ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಕಲಘಟಗಿಯ ಕಡೆ ಬೇಡ್ತಿಯನ್ನು ಸೇರಿ, ಕಾಡಿನೊಳಗೆ ನುಗ್ಗಿ, ಘಟ್ಟ ಇಳಿದು, ಇಲ್ಲಿ ಗಂಗಾವಳಿ ಎಂಬ ಹೆಸರಿನಲ್ಲಿ ಹರಿಯುತ್ತದೆ. ನಿಮ್ಮ ಊರಿನ ಮಳೆನೀರು ಸಮುದ್ರಕ್ಕೆ ಹೋಗುವ ದಾರಿ ಹಿಡಿದೇ ನೀವೂ ಇಳಿಯುತ್ತಿದ್ದೀರಿ ಎಂದು ಮಕ್ಕಳಿಗೆ ಹೇಳಿದರೆ ಮುಂದಿನ ಅರ್ಧ ತಾಸು ಕಿಟಕಿಯ ಹೊರಗೆ ನೋಡುತ್ತಾರೆ.

ಅಂಕೋಲೆಯ ಬಾಳೇಗುಳಿಯಲ್ಲಿ ಹೆದ್ದಾರಿ 66 ಸಿಗುತ್ತದೆ. ಎಡಕ್ಕೆ ತಿರುಗಿ ದಕ್ಷಿಣಕ್ಕೆ ಸಾಗಿ, ಮಾದನಗೇರಿಯಲ್ಲಿ ಬಲಕ್ಕೆ ಗೋಕರ್ಣದ ದಾರಿ ಹಿಡಿಯಿರಿ. ಎಲ್ಲ ಸರಿಯಾಗಿ ನಡೆದರೆ ಒಂಬತ್ತರ ಸುಮಾರಿಗೆ ಓಂ ಬೀಚಿನ ಮೇಲಿನ ಗುಡ್ಡದಲ್ಲಿರುತ್ತೀರಿ.

ಬಸ್ಸಿನಲ್ಲಿ ಹೋಗುವವರಿಗೆ ಇಲ್ಲೇ ಒಂದು ಮಾತು. ಹುಬ್ಬಳ್ಳಿಯಿಂದ ಈ ಭಾಗಕ್ಕೆ ನೇರ ರೈಲು ಮಾರ್ಗ ಇಲ್ಲ. ಕೊಂಕಣ ರೈಲ್ವೆಯ ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ್, ಕುಮಟಾ ನಿಲ್ದಾಣಗಳು ಹತ್ತಿರವಿದ್ದರೂ ಲೋಂಡಾ, ಮಡಗಾಂವ್ ಸುತ್ತಿ ಬರುವುದು ದಿನದ ಪ್ರವಾಸಕ್ಕೆ ಹೊಂದುವುದಿಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳೇ ಗತಿ, ಮತ್ತು ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ದುಡ್ಡೂ ಉಳಿಯುತ್ತದೆ; ಗುರುತಿನ ಚೀಟಿ ಜೊತೆಗಿರಲಿ. ಆದರೆ ಬಸ್ಸಿನಲ್ಲಿ ಹೋಗಿ ಅದೇ ದಿನ ಮರಳುವವರು ಗೋಕರ್ಣದ ನಡಿಗೆ ಅಥವಾ ತದಡಿಯ ದೋಣಿ ಎರಡರಲ್ಲಿ ಒಂದನ್ನೇ ಆರಿಸಬೇಕು. ನನ್ನನ್ನು ಕೇಳಿದರೆ ತದಡಿ. ಗೋಕರ್ಣ ಎಂದಾದರೂ ಸಿಕ್ಕೇ ಸಿಗುತ್ತದೆ.

ಮೊದಲ ನಡಿಗೆ: ಗುಡ್ಡದ ಅಂಚಿನಲ್ಲಿ

ಗೋಕರ್ಣ ಪೇಟೆಗೆ ಇಳಿಯದೆ ನೇರವಾಗಿ ಓಂ ಬೀಚಿನ ಮೇಲಿನ ಗುಡ್ಡಕ್ಕೆ ಹೋಗಿ ಗಾಡಿ ನಿಲ್ಲಿಸಿ. ಮಹಾಬಲೇಶ್ವರನ ದರ್ಶನ ಮಾಡಲೇಬೇಕೆಂಬ ಸಂಕಲ್ಪವಿದ್ದರೆ ಅದಕ್ಕೆ ಬೇರೆ ದಿನ ಇಟ್ಟುಕೊಳ್ಳುವುದು ದೇವರಿಗೂ ನಿಮಗೂ ಗೌರವ; ಸಾಲಿನಲ್ಲಿ ನಿಂತು ಗಡಿಯಾರ ನೋಡುತ್ತ ಮಾಡುವ ದರ್ಶನದಲ್ಲಿ ಮನಸ್ಸು ನಿಲ್ಲುವುದಿಲ್ಲ. ಗರ್ಭಗುಡಿಗೆ ಹೋಗಲು ಗಂಡಸರು ಅಂಗಿ ತೆಗೆದು ಪಂಚೆ ಉಡಬೇಕಾದ ಪದ್ಧತಿಯೂ ಇದೆ, ಸಮುದ್ರದ ಒದ್ದೆ ಬಟ್ಟೆಯ ಜೊತೆ ಅದು ಹೊಂದುವುದಿಲ್ಲ.

ಈ ಗುಡ್ಡದಿಂದ ಉತ್ತರಕ್ಕೆ ಕುಡ್ಲೆ, ಕೆಳಗೆ ಓಂ, ದಕ್ಷಿಣಕ್ಕೆ ಅರ್ಧಚಂದ್ರ ತೀರ, ಅದರಾಚೆ ಪ್ಯಾರಡೈಸ್ ಎಂದು ಹೆಸರಾದ ಸಣ್ಣ ತೀರ, ಕೊನೆಗೆ ಬೇಲೆಕಾನ ಎಂಬ ಮೀನುಗಾರರ ಊರು. ಕಲ್ಲಿನ ಮೂಗುಗಳು ಸಮುದ್ರಕ್ಕೆ ಚಾಚಿ ಈ ತೀರಗಳನ್ನು ಒಂದರಿಂದೊಂದು ಬೇರ್ಪಡಿಸಿವೆ. ಕುಡ್ಲೆಯಿಂದ ಓಂವರೆಗೆ ಗುಡ್ಡದ ಮೇಲೆ ಇಪ್ಪತ್ತು-ಮೂವತ್ತು ನಿಮಿಷ, ಓಂನಿಂದ ಅರ್ಧಚಂದ್ರಕ್ಕೆ ಮತ್ತೆ ಅಷ್ಟೇ ಹೊತ್ತು ಬೇಕು. ಅರ್ಧಚಂದ್ರದಿಂದ ಪ್ಯಾರಡೈಸಿಗೆ ಬಂಡೆಗಳನ್ನು ಹತ್ತಿ ಇಳಿಯುವ ದಾರಿ, ಸ್ವಲ್ಪ ಕಠಿಣ. ಒಂದೇ ದಿನದಲ್ಲಿ ಮರಳುವವರಿಗೆ ಓಂನಿಂದ ಅರ್ಧಚಂದ್ರಕ್ಕೆ ಹೋಗಿ ಬರುವುದು ಸಾಕು. ಕುಡ್ಲೆ ಮತ್ತು ಪ್ಯಾರಡೈಸ್‌ಗಳನ್ನು ಬಿಡಲು ನನಗೆ ಯಾವ ಸಂಕೋಚವೂ ಇಲ್ಲ.

ಎರಡು ಅರ್ಧವೃತ್ತಗಳು ಸೇರಿದಂತಿರುವ ಓಂ ತೀರದ ದಕ್ಷಿಣ ತುದಿಗೆ ನಡೆದರೆ, ಅಂಗಡಿ-ಹೋಟೆಲುಗಳು ಮುಗಿಯುವಲ್ಲಿ ಕಾಲುದಾರಿಯೊಂದು ಪೊದೆಗಳ ನಡುವೆ ಮೇಲೇರುತ್ತದೆ. ಆರಂಭದಲ್ಲಿ ನೆರಳಿದೆ. ಬಳಿಕ ದಾರಿ ಗುಡ್ಡದ ಹೊಟ್ಟೆಗೆ ಅಂಟಿಕೊಂಡು ಒಬ್ಬರೇ ನಡೆಯುವಷ್ಟು ಕಿರಿದಾಗಿ, ಎಡಗಡೆ ಕೈಗೆ ತಾಗುವ ಕೆಂಪು ಕಲ್ಲು, ಬಲಗಡೆ ಕೆಳಗೆ ನೀರು. ಇಲ್ಲಿ ಎಚ್ಚರ ಬೇಕಾಗಿರುವುದು ಎತ್ತರಕ್ಕಿಂತ ಹೆಚ್ಚಾಗಿ ಕಾಲಡಿಯ ಹರಳಿಗೆ. ಜಂಬಿಟ್ಟಿಗೆ ಸವೆದು ಉದುರಿದ ಕಡಲೆಕಾಳಿನ ಗಾತ್ರದ ಕೆಂಪು ಹರಳು ಗಟ್ಟಿ ನೆಲದ ಮೇಲೆ ಹರಡಿಕೊಂಡಿದ್ದು, ಇಳಿಜಾರಿನಲ್ಲಿ ಹೆಜ್ಜೆ ಇಟ್ಟೊಡನೆ ಉರುಳುತ್ತದೆ. ಹವಾಯಿ ಚಪ್ಪಲಿಯಲ್ಲಿ ಬಂದವರು ಬೀಳುವುದು ಈ ಜಾಗದಲ್ಲೇ. ಹಿಂದೆ ಪಟ್ಟಿಯಿರುವ ಚಪ್ಪಲಿ ಅಥವಾ ಹಳೆಯ ಕ್ಯಾನ್ವಾಸ್ ಬೂಟು ಸಾಕು, ದುಬಾರಿ ಟ್ರೆಕಿಂಗ್ ಬೂಟಿನ ಅಗತ್ಯವಿಲ್ಲ. ಇಳಿಜಾರಿನಲ್ಲಿ ಹೆಜ್ಜೆ ಸಣ್ಣದಾಗಿ, ಪಾದ ಅಡ್ಡವಾಗಿ ಇಟ್ಟು ಇಳಿಯಿರಿ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಇಲ್ಲಿ ನಡೆಯಬಾರದು.

ಕೆಳಗಿನ ಬಂಡೆಗಳು ಇಳಿತದಲ್ಲಿ ಬಯಲಾದಾಗ ನೋಡಲು ಚೆಂದ, ತುಳಿಯಲು ಕೆಟ್ಟವು. ಹಸಿರು ಪಾಚಿ ಹಿಡಿದ ಭಾಗ ಜಾರುತ್ತದೆ. ಪಾಚಿ ಇಲ್ಲದ ಕಡೆ ಕಲ್ಲಿಗೆ ಕಚ್ಚಿಕೊಂಡ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಹರಿತ. ಬಂಡೆಯ ಗುಳಿಗಳಲ್ಲಿ ನಿಂತ ನೀರಿನಲ್ಲಿ ಏಡಿ, ಸಣ್ಣ ಮೀನು, ಶಂಖದ ಮನೆ ಹೊತ್ತು ನಡೆಯುವ ಜೀವಿಗಳಿರುತ್ತವೆ. ಮಕ್ಕಳು ಕುಳಿತು ನೋಡಲಿ, ಬಾಟಲಿಯಲ್ಲಿ ತುಂಬಿಕೊಂಡು ಹುಬ್ಬಳ್ಳಿಗೆ ತರುವುದು ಬೇಡ.

ನೀರಿಗೆ ಇಳಿಯುವ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಕೆರೆಯಲ್ಲಿ, ಕಾಲುವೆಯಲ್ಲಿ ಈಜು ಕಲಿತವರಿಗೆ ಸಮುದ್ರದ ಸೆಳೆತದ ಅಂದಾಜಿರುವುದಿಲ್ಲ. ಗೋಕರ್ಣದ ತೀರಗಳಲ್ಲಿ ಪ್ರವಾಸಿಗರು ಮುಳುಗಿದ ಸುದ್ದಿ ಮತ್ತೆ ಮತ್ತೆ ಪತ್ರಿಕೆಯಲ್ಲಿ ಬರುವುದಕ್ಕೆ ಇದೂ ಒಂದು ಕಾರಣ. ಸುತ್ತ ಅಲೆಗಳು ಮುರಿದು ನೊರೆಯಾಗುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ನೊರೆಯಿಲ್ಲದೆ, ಸ್ವಲ್ಪ ಕಪ್ಪಗೆ, ಸಮಾಧಾನವಾಗಿ ಕಂಡರೆ, ದಡಕ್ಕೆ ಬಂದ ನೀರು ಹಿಂದಿರುಗಿ ಓಡುತ್ತಿರುವ ಜಾಗ ಅದೇ. ಶಾಂತವಾಗಿದೆ ಎಂದು ಹೊಸಬರು ಸರಿಯಾಗಿ ಅಲ್ಲಿಗೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ದಡದ ಕಡೆ ನೇರವಾಗಿ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬಂದು ನಂತರ ಅಲೆಯ ಜೊತೆ ತಿರುಗಬೇಕು. ಜೀವರಕ್ಷಕರು ಇರುವ ತೀರದಲ್ಲಿ, ಅವರು ತೋರಿಸಿದ ಜಾಗದಲ್ಲಿ, ಮೊಣಕಾಲು ಮಟ್ಟದ ನೀರಿನಲ್ಲಿ ಆಟ ಮುಗಿಸಿ. ಬಂಡೆಯ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತು ಫೋಟೋ ತೆಗೆಸಿಕೊಳ್ಳುವುದಂತೂ ಬೇಡವೇ ಬೇಡ. ಸಣ್ಣ ಅಲೆಗಳ ಸಾಲಿನಲ್ಲಿ ಒಂದು ದೊಡ್ಡದು ಹೇಳದೆ ಬರುತ್ತದೆ.

ಹನ್ನೊಂದಕ್ಕೆ ಸರಿಯಾಗಿ ಗಾಡಿಗೆ ಮರಳಿರಬೇಕು.

ಸಾಣಿಕಟ್ಟೆ

ಗೋಕರ್ಣದಿಂದ ತದಡಿಯ ಕಡೆ ಹೋಗುವಾಗ ಸಾಣಿಕಟ್ಟೆಯ ಉಪ್ಪಿನ ಆಗರಗಳು ಸಿಗುತ್ತವೆ. ಭರತದಲ್ಲಿ ಒಳಬಂದ ಉಪ್ಪುನೀರನ್ನು ಸಣ್ಣ ಸಣ್ಣ ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಆರಿಸಿ, ತಳದಲ್ಲಿ ಹರಳುಗಟ್ಟಿದ ಉಪ್ಪನ್ನು ಮರದ ಹಲಗೆಯಿಂದ ಎಳೆದು ರಾಶಿ ಮಾಡುತ್ತಾರೆ. ಮಳೆಗಾಲ ಮುಗಿದ ಹೊಸತರಲ್ಲಿ ಹೋದರೆ ಇಲ್ಲಿ ಕಾಣುವುದು ನೀರು ಮತ್ತು ಕೊಕ್ಕರೆ ಮಾತ್ರ. ಬೇಸಿಗೆಯ ದಿನಗಳಲ್ಲಿ ರಾಶಿಗಳ ಬಿಳುಪಿಗೆ ಕಣ್ಣು ಕಿವುಚಬೇಕಾಗುತ್ತದೆ. ಮಡಿಗಳ ನಡುವಿನ ಬದು ಮಣ್ಣಿನದು, ಕೆಲಸಗಾರರು ಕೈಯಾರೆ ಕಟ್ಟಿದ್ದು; ರಸ್ತೆಯ ಅಂಚಿನಲ್ಲೇ ನಿಂತು ನೋಡಿ, ಒಳಗೆ ಹೋಗುವ ಮನಸ್ಸಿದ್ದರೆ ಅಲ್ಲಿರುವವರ ಒಪ್ಪಿಗೆ ಕೇಳಿ. ಉಪ್ಪಿಗೂ ಈ ಸೀಮೆಗೂ ರಾಜಕೀಯದ ನಂಟೂ ಇದೆ. 1930ರ ಏಪ್ರಿಲ್‌ನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು ಪಕ್ಕದ ಅಂಕೋಲೆಯಲ್ಲಿ, ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ.

ತದಡಿ, ದೋಣಿ, ಅಘನಾಶಿನಿ

ಈ ಪ್ರವಾಸದ ನಿಜವಾದ ತಿರುಳು ಇಲ್ಲಿದೆ. ತದಡಿ ಅಘನಾಶಿನಿ ಹೊಳೆಯ ಬಾಯಲ್ಲಿರುವ ಮೀನುಗಾರಿಕೆಯ ಬಂದರು. ಧಕ್ಕೆಗೆ ಕಟ್ಟಿದ ದೋಣಿಗಳ ಮೈಗೆ ನೀಲಿ, ಹಸಿರು, ಕೆಂಪು ಪಟ್ಟಿ, ಮೂತಿಯ ಮೇಲೆ ದೇವರ ಹೆಸರು, ಮೇಲೆ ಬಾವುಟಗಳ ಗೊಂಚಲು. ಧಕ್ಕೆಯ ಮೇಲೆ ಬಲೆ ಹರಡಿಕೊಂಡು ಕುಳಿತವರು ಕಾಲಿನ ಹೆಬ್ಬೆರಳಿಗೆ ಬಲೆಯ ಒಂದು ಕಣ್ಣನ್ನು ಸಿಕ್ಕಿಸಿ ಬಿಗಿ ಹಿಡಿದು, ಕೈಯ ಸಣ್ಣ ಚಪ್ಪಟೆ ಮುಳ್ಳಿನಿಂದ ಹರಿದ ಕಣ್ಣುಗಳನ್ನು ಹೆಣೆಯುತ್ತಿರುತ್ತಾರೆ. ನೋಟ ಬೇರೆಲ್ಲೋ ಇದ್ದರೂ ಗಂಟಿನ ಅಳತೆ ತಪ್ಪುವುದಿಲ್ಲ. ಅವರ ಹಿಂದೆ ಬಿಸಿಲಿಗೆ ಹಾಸಿದ ಒಣಮೀನು. ವಾಸನೆಗೆ ಮೂಗು ಮುಚ್ಚಿಕೊಳ್ಳುವುದು, "ಇಶ್ಶಿ" ಎನ್ನುವುದು ಅವರ ಅಂಗಳದಲ್ಲಿ ನಿಂತು ಮಾಡುವ ಕೆಲಸವಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಮೀನು ಮಾರುವ ಹೆಂಗಸರ ಫೋಟೋ ಬೇಕಿದ್ದರೆ "ಅಕ್ಕಾ, ಒಂದು ಫೋಟೋ ತೆಗೀಲಾ?" ಎಂದು ಕೇಳಿ, ಬೇಡವೆಂದರೆ ಅಲ್ಲಿಗೆ ಬಿಡಿ.

ತದಡಿಯಿಂದ ಎದುರು ದಡದ ಅಘನಾಶಿನಿ ಊರಿಗೆ ಜನರನ್ನು ದಾಟಿಸುವ ದೋಣಿ ಇದೆ. ಇದು ಪ್ರವಾಸಿಗರಿಗಾಗಿ ಇರುವ ವಿಹಾರದ ದೋಣಿಯಲ್ಲ. ಶಾಲೆಯ ಮಕ್ಕಳು, ಸಂತೆಗೆ ಹೋಗುವವರು, ಬ್ಯಾಂಕಿನ ಕೆಲಸಕ್ಕೆ ಬಂದವರು ಓಡಾಡುವ ದಾರಿ. ಆದ್ದರಿಂದ ಜನ ಕೂಡಿದಾಗ ಹೊರಡುತ್ತದೆ, ಊಟದ ಹೊತ್ತಿನಲ್ಲಿ ತಡವೂ ಆಗಬಹುದು. ಮರಳುವ ದೋಣಿ ಯಾವಾಗ ಎಂಬುದನ್ನು ಹತ್ತುವ ಮುಂಚೆಯೇ ದೋಣಿಯವರಲ್ಲಿ ಕೇಳಿಕೊಳ್ಳಿ. ಚಿಲ್ಲರೆ ಹಣ ಕೈಯಲ್ಲಿರಲಿ. ಹತ್ತುವಾಗ ಇಳಿಯುವವರಿಗೆ ಮೊದಲು ದಾರಿ ಬಿಟ್ಟು, ದೋಣಿಯ ಅಂಚಿನ ಮೇಲೆ ಕಾಲಿಡದೆ ನೇರ ನಡುವಿಗೆ ಹೆಜ್ಜೆ ಇಟ್ಟು ಕುಳಿತುಕೊಳ್ಳಬೇಕು. ಎಲ್ಲರೂ ಒಂದೇ ಬದಿಗೆ ಹೋಗಿ ಫೋಟೋಗೆ ನಿಲ್ಲಬಾರದು. ಜೀವರಕ್ಷಕ ಅಂಗಿ ಇದ್ದರೆ ಬಿಸಿಲೆಂದು ನೆಪ ಹೇಳದೆ ಹಾಕಿಕೊಳ್ಳಿ.

ಕಾರು ಈ ದೋಣಿಯಲ್ಲಿ ಬರುವುದಿಲ್ಲ. ರಸ್ತೆಯಲ್ಲಿ ಹೋಗಬೇಕೆಂದರೆ ಮಾದನಗೇರಿಗೆ ಹಿಂದಿರುಗಿ, ಮಿರ್ಜಾನ ದಾಟಿ, ಕುಮಟೆಯಿಂದ ಕಾಗಾಲ ಮೇಲೆ ಬರಬೇಕು, ಮೂವತ್ತು ಕಿ.ಮೀ. ಮೀರಿದ ಸುತ್ತು. ಡ್ರೈವರನ್ನು ಕರೆತಂದವರು ಅವರನ್ನು ಕುಮಟೆಯ ಕಡೆಯಿಂದ ಅಘನಾಶಿನಿಗೆ ಬರಲು ಹೇಳಿ, ತಾವು ಒಂದೇ ಸಲ ಹೊಳೆ ದಾಟಿ ಮುಂದುವರಿಯಬಹುದು. ತಾವೇ ಗಾಡಿ ಓಡಿಸುವವರು ತದಡಿಯಲ್ಲಿ ನಿಲ್ಲಿಸಿ, ದಾಟಿ ಹೋಗಿ, ಅದೇ ದೋಣಿಯಲ್ಲಿ ಮರಳಬೇಕು.

ನಡು ಹೊಳೆಯಲ್ಲಿ ಬಲಕ್ಕೆ ತಿರುಗಿ ನೋಡಿದರೆ ಎರಡು ಗುಡ್ಡಗಳ ನಡುವೆ ಸಮುದ್ರ, ಎಡಕ್ಕೆ ನೋಡಿದರೆ ಒಳನಾಡಿನ ಕಡೆ ಹಬ್ಬಿದ ಹಿನ್ನೀರು. ದೊಡ್ಡ ಅಣೆಕಟ್ಟಿಗೆ ಸಿಗದೆ ಸಮುದ್ರ ಸೇರುವ ಹೊಳೆ ಅಘನಾಶಿನಿ. ಸಿಹಿನೀರು, ಉಪ್ಪುನೀರು ಎರಡೂ ತಡೆಯಿಲ್ಲದೆ ಬೆರೆಯುವುದರಿಂದ ಈ ಅಳಿವೆಯಲ್ಲಿ ಮೀನು, ಶೆಟ್ಲಿ (ಸಿಗಡಿ), ಬಳಚು ಎಂಬ ಚಿಪ್ಪುಜೀವಿ ಹೇರಳ. ಇಳಿತದ ಹೊತ್ತಿಗೆ ಹೊಳೆಯ ನಡುವಿನ ಮರಳುದಿಣ್ಣೆಗಳ ಮೇಲೆ ಸೊಂಟದುದ್ದ ನೀರಿನಲ್ಲಿ ಬಾಗಿ ಬಳಚು ಆಯುವವರು ಕಾಣುತ್ತಾರೆ. ಹಿನ್ನೀರಿನ ಗಜನಿ ಎಂಬ ತಗ್ಗು ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಮಳೆಗಾಲದಲ್ಲಿ ಬೆಳೆಯುತ್ತಾರೆ. ಗದಗಿನ ಓದುಗರಿಗೆ ಇಲ್ಲೊಂದು ನೆಂಟಸ್ತಿಕೆ ಇದೆ: 2024ರಲ್ಲಿ ಕರ್ನಾಟಕದಿಂದ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಒಟ್ಟಿಗೇ ಸೇರಿದ ಮೂರು ತಾಣಗಳಲ್ಲಿ ಅಘನಾಶಿನಿ ಅಳಿವೆ ಒಂದಾದರೆ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆ ಇನ್ನೊಂದು, ಮೂರನೆಯದು ವಿಜಯನಗರ ಜಿಲ್ಲೆಯ ಅಂಕಸಮುದ್ರ.

ಅಘನಾಶಿನಿಯಲ್ಲಿ ಇಳಿದು ಊರೊಳಗಿನ ಓಣಿಗಳಲ್ಲಿ ಅರ್ಧ ತಾಸು ನಡೆಯಿರಿ. ಚಿರೇಕಲ್ಲಿನ ಕಂಪೌಂಡು, ಹೆಂಚಿನ ಮಾಡು, ಅಂಗಳದಲ್ಲಿ ತುಳಸಿಕಟ್ಟೆ; ತೆಂಗಿನ ಸಾಲು ಮುಗಿದಲ್ಲಿ ಸಮುದ್ರದ ದಡ. ಗೋಕರ್ಣದ ತೀರಗಳಿಗಿಂತ ಇಲ್ಲಿ ಜನ ಬಹಳ ಕಡಿಮೆ, ಅದೇ ಕಾರಣಕ್ಕೆ ನೀರಿಗಿಳಿದರೆ ಕಾಪಾಡುವವರೂ ಇರುವುದಿಲ್ಲ. ಹೊಳೆ ಸಮುದ್ರ ಸೇರುವ ಬಾಯಲ್ಲಿ ಸೆಳೆತ ಎಲ್ಲಕ್ಕಿಂತ ಜೋರು. ಕಾಲು ತೋಯಿಸುವುದಕ್ಕೂ ಅಲ್ಲಿಗೆ ಹೋಗಬೇಡಿ.

ವಯಸ್ಸಾದವರು, ಮೊಣಕಾಲು ನೋವಿರುವವರು ಜೊತೆಗಿದ್ದರೆ ಬೆಳಗಿನ ಗುಡ್ಡದ ನಡಿಗೆಯನ್ನು ಕೈಬಿಟ್ಟು ನೇರ ತದಡಿಗೇ ಬನ್ನಿ. ಅವರು ಕಳೆದುಕೊಳ್ಳುವುದು ಏನೂ ಇಲ್ಲ.

ಊಟ

ಸಣ್ಣ ಊರುಗಳಲ್ಲಿ ಹೋಟೆಲನ್ನು ನಂಬಿ ಹೋಗಬಾರದು. ಇರುವ ಒಂದೆರಡು ಕಡೆ ಮಧ್ಯಾಹ್ನ ಎರಡರ ಮೇಲೆ ಅನ್ನ ಮುಗಿದಿರುತ್ತದೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಟಿಕೊಂಡು ಹೊರಟರೆ ಮಧ್ಯಾಹ್ನದ ಚಿಂತೆ ಇಲ್ಲ. ಒಂದೇ ತೊಂದರೆ ಎಂದರೆ ಖಡಕ್ ರೊಟ್ಟಿ ಕರಾವಳಿಯ ಗಾಳಿಗೆ ಒಂದೆರಡು ತಾಸಿನಲ್ಲಿ ಮೆತ್ತಗಾಗುತ್ತದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಬೇಕು. ಮೀನು ತಿನ್ನುವವರು ಊಟವನ್ನು ಹೆದ್ದಾರಿಯ ಮೇಲೆ, ಕುಮಟೆ ಅಥವಾ ಅಂಕೋಲೆಯ ಊಟದ ಮನೆಗಳಲ್ಲಿ ಮಾಡುವುದು ಒಳ್ಳೆಯದು. ಇಸ್ವಾಣ, ಪಾಂಪ್ಲೆಟ್‌ಗಳ ದರ ಕೇಳಿ ಬೆಚ್ಚುವುದರ ಬದಲು ಬಂಗಡೆ, ತಾರ್ಲೆ ಅಥವಾ ಶೆಟ್ಲಿ ಕೇಳಿ. ಅಂದಿನ ದಿನ ಬಲೆಗೆ ಬಿದ್ದದ್ದು ಯಾವುದೆಂದು ವಿಚಾರಿಸಿ ತಿಂದವರು ಕೆಡುವುದು ಕಡಿಮೆ. ಹೊಟ್ಟೆ ಭಾರವಾದರೆ ಮುರುಗಲು ಹುಳಿಯಿಂದ ಮಾಡಿದ ಸೋಲಕಡಿ ಎಂಬ ಪಾನೀಯ ಇದೆ. ಕುಡಿಯುವ ನೀರು ಒಬ್ಬೊಬ್ಬರಿಗೆ ಎರಡು ಲೀಟರಿನಂತೆ ಮನೆಯಿಂದಲೇ ಇರಲಿ, ಖಾಲಿ ಬಾಟಲಿಯೂ ಮನೆಗೇ ಬರಲಿ.

ಮರಳುವ ದಾರಿ

ತದಡಿಯಿಂದ ಎರಡು ಗಂಟೆಗೆ ಹೊರಡಬೇಕು. ಹೆದ್ದಾರಿಗೆ ಬಂದು ದಕ್ಷಿಣಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲೇ ಮಿರ್ಜಾನ ಕೋಟೆ. ಕಾಳುಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರಲ್ಲಿ ಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಜೊತೆ ಈ ಕೋಟೆಯ ಹೆಸರು ಅಂಟಿಕೊಂಡಿದೆ. ಪೂರ್ತಿ ಜಂಬಿಟ್ಟಿಗೆಯದು, ಒಳಗೆ ನೆರಳು ಕಡಿಮೆ, ಬಾವಿಗಳ ಕಟ್ಟೆಯ ಹತ್ತಿರ ಮಕ್ಕಳ ಕೈ ಹಿಡಿದಿರಬೇಕು. ಮುಕ್ಕಾಲು ತಾಸು ಸಾಕು. ತಡವಾಗಿದ್ದರೆ ಮೊದಲು ಕೈಬಿಡಬೇಕಾದದ್ದು ಇದನ್ನೇ.

ಹಾವೇರಿಗೆ ಹೋಗುವವರು ಮಿರ್ಜಾನದಿಂದ ಮುಂದೆ ಕುಮಟೆಗೆ ಸಾಗಿ ಘಟ್ಟ ಹತ್ತುತ್ತಾರೆ. ಬೇಸಿಗೆಯಾದರೆ ಕುಮಟೆಯ ಸುತ್ತ ಅಳ್ವೆಕೋಡಿ, ಹಂದಿಗೋಣಗಳ ಹೆದ್ದಾರಿ ಬದಿಯಲ್ಲಿ ಜಡೆಯಂತೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಸಿಗುತ್ತದೆ, ಒಂದು ಗೊಂಚಲು ತರಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದಲೇ ಮುಂಬಯಿಗೆ ಹಡಗು ಹತ್ತುತ್ತಿತ್ತು. ನಮ್ಮ ಎರೆಹೊಲದಲ್ಲಿ ಬೆಳೆದ ಹತ್ತಿಗೆ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರು ಬಿದ್ದಿತ್ತು.

ಹುಬ್ಬಳ್ಳಿಯ ಕಡೆಯವರು ನಾಲ್ಕೂವರೆಯೊಳಗೆ ಅಂಕೋಲೆ ದಾಟಿರಬೇಕು. ಡಿಸೆಂಬರಿನಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಅಷ್ಟರೊಳಗೆ ಅರಬೈಲ್ ಹತ್ತಿದ್ದರೆ ಕ್ಷೇಮ. ಹಾಗಾದರೆ ಸಮುದ್ರದಲ್ಲಿ ಸೂರ್ಯಾಸ್ತ ನೋಡುವುದು ಯಾವಾಗ ಎಂದು ಕೇಳುವವರಿಗೆ ಉತ್ತರ ಸರಳ: ಒಂದು ರಾತ್ರಿ ತಂಗಲು ಬಂದಾಗ. ನಸುಕಿನಿಂದ ಎಚ್ಚರವಿದ್ದು, ಬಿಸಿಲಲ್ಲಿ ನಡೆದು, ಹೊಟ್ಟೆ ತುಂಬ ಉಂಡ ಒಬ್ಬರೇ ಕತ್ತಲಲ್ಲಿ ಲಾರಿಗಳ ನಡುವೆ ಘಟ್ಟ ಹತ್ತುವುದು ಆ ನೋಟಕ್ಕೆ ತೆರುವ ದುಬಾರಿ ಬೆಲೆ. ಗಾಡಿ ಓಡಿಸಬಲ್ಲವರು ಇಬ್ಬರಿದ್ದರೆ ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿ ಕೈ ಬದಲಾಯಿಸಿ.

ಮೀನು ತರುವವರು ಅದನ್ನು ಎಲ್ಲಕ್ಕಿಂತ ಕೊನೆಗೆ, ಅಂಕೋಲೆಯಲ್ಲಿ ಕೊಳ್ಳಲಿ. ಕಿವಿರು ಎತ್ತಿ ನೋಡಿದಾಗ ಕೆಂಪಗಿರಬೇಕು, ಬೆರಳಿನಿಂದ ಒತ್ತಿದರೆ ಗುಳಿ ಉಳಿಯಬಾರದು. ಅಲ್ಲಿಯೇ ಹೊಟ್ಟೆ ಸೀಳಿಸಿ ಸ್ವಚ್ಛ ಮಾಡಿಸಿ, ಥರ್ಮೋಕೋಲ್ ಡಬ್ಬಿಯಲ್ಲಿ ಕೆಳಗೂ ಮೇಲೂ ಮಂಜುಗಡ್ಡೆ ಹಾಕಿಸಿದರೆ ಹುಬ್ಬಳ್ಳಿಯವರೆಗೆ ಚೆನ್ನಾಗಿ ಬರುತ್ತದೆ. ಒಣಮೀನಿಗೆ ಮಂಜುಗಡ್ಡೆ ಬೇಕಿಲ್ಲ, ಆದರೆ ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲೇ ಇಡಬೇಕು; ಸೀಟಿನ ಕೆಳಗಿಟ್ಟರೆ ಮುಂದಿನ ಯುಗಾದಿಯವರೆಗೂ ಗಾಡಿ ಅದನ್ನು ಮರೆಯುವುದಿಲ್ಲ.